ಸುರಪುರದ ಟೇಲರ್ ಮತ್ತು ಬಾಲರಾಜ

1808ರಲ್ಲಿ ಲಿವರ್‌ಪೂಲ್‌ನಲ್ಲಿ ಜನಿಸಿದ ಫಿಲಿಪ್ ಮೆಡೋಸ್ ಟೇಲರ್ ಹದಿನೈದರ ಹರೆಯದಲ್ಲೇ ಮುಂಬಯಿಗೆ ಬಂದಿಳಿದು, ನಿಜಾಮನ ಸೇನೆ ಸೇರಿದ. 1832ರಲ್ಲಿ ಹೈದರಾಬಾದಿನ ಹೆಸರಾಂತ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು ಮೇರಿಯ ಕೈಹಿಡಿದ. ಪಾಮರನ ತಾಯಿ ಭಾರತೀಯಳು; ಹಾಗಾಗಿ ಆ ದಾಂಪತ್ಯವೇ ಎರಡು ನಾಡುಗಳನ್ನು ಬೆಸೆದಿತ್ತು. ದಂಪತಿ ದೀರ್ಘ ರಜೆಯ ಮೇಲೆ ಇಂಗ್ಲೆಂಡಿಗೆ ಪಯಣಿಸಿದರು. ಅಲ್ಲಿ 1839ರಲ್ಲಿ ಪ್ರಕಟವಾದ, ಥಗ್ಗರನ್ನು ಕುರಿತ ಕಾದಂಬರಿ ಟೇಲರನಿಗೆ ಕೀರ್ತಿ ತಂದಿತು.

1841ರಲ್ಲಿ ಅವನನ್ನು ಸುರಪುರಕ್ಕೆ ಕಳುಹಿಸಲಾಯಿತು. ಉತ್ತರಾಧಿಕಾರದ ಕಲಹದಲ್ಲಿ ನಲುಗಿದ್ದ ಸಂಸ್ಥಾನವನ್ನು ಅವನು ಹತೋಟಿಗೆ ತಂದ, ಬೋನಾಳ ಕೆರೆಯನ್ನು ವಿಸ್ತರಿಸಿದ, ಗುಡ್ಡದ ಮೇಲೆ ಮನೆ ಕಟ್ಟಿಸಿದ. ಮಡದಿಯನ್ನು ಕಳೆದುಕೊಂಡದ್ದೂ ಈ ವರ್ಷಗಳಲ್ಲೇ. ಬಾಲರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

1853ರಲ್ಲಿ ರಾಜ ಅಧಿಕಾರ ವಹಿಸಿಕೊಂಡ; ಟೇಲರ್ ನಳದುರ್ಗಕ್ಕೆ ಹೊರಟ. ಐದೇ ವರ್ಷಗಳಲ್ಲಿ, 1858ರಲ್ಲಿ, ಅದೇ ರಾಜ ಆಂಗ್ಲರ ವಿರುದ್ಧ ಬಂಡೆದ್ದು ಸೆರೆಯಾದ. ಸೆರೆಮನೆಯಲ್ಲಿ ಇಬ್ಬರೂ ಮತ್ತೆ ಭೇಟಿಯಾದರು. ಮರಣದಂಡನೆ ಕೊನೆಗೆ ನಾಲ್ಕು ವರ್ಷಗಳ ಸೆರೆಯಾಗಿ ಇಳಿದರೂ, ಚೆಂಗಲ್‌ಪಟ್ಟುವಿಗೆ ಒಯ್ಯುವ ದಾರಿಯಲ್ಲಿ ರಾಜ ಗುಂಡೇಟಿಗೆ ಬಲಿಯಾದ. ಸಂಸ್ಥಾನವೂ ಅಳಿದು ನಿಜಾಮನ ಪಾಲಾಯಿತು.

ಟೇಲರ್ 1876ರಲ್ಲಿ ಫ್ರಾನ್ಸಿನಲ್ಲಿ ಕಣ್ಣುಮುಚ್ಚಿದ. ಅವನ ವಾತ್ಸಲ್ಯ ನಿಜವೇ ಆಗಿತ್ತು. ಆದರೆ ಆಳುವವನ ವಾತ್ಸಲ್ಯ ಸ್ವಾತಂತ್ರ್ಯಕ್ಕೆ ಬದಲಿಯಾಗಲಾರದು. ಇಂದು ಸುರಪುರ ಟೇಲರ್ ಮಂಜಿಲನ್ನೂ ಉಳಿಸಿಕೊಂಡಿದೆ, ವೆಂಕಟಪ್ಪ ನಾಯಕನ ಹೆಸರನ್ನೂ ಅಭಿಮಾನದಿಂದ ನೆನೆಯುತ್ತದೆ.