ಕಿಂಗ್ಸ್ ಕಾಲೇಜಿನ ಭಂಡಾರಿ

ಜಾನ್ ಮೇನಾರ್ಡ್ ಕೇನ್ಸ್ ಎಂಬ ಹೆಸರು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದಲ್ಲ. ೧೯೩೬ರಲ್ಲಿ ಹೊರಬಂದ ಆತನ ಮಹಾಗ್ರಂಥವು ನಿರುದ್ಯೋಗದ ವಿಷಯವಾಗಿ ಸರಕಾರಗಳು ಆಲೋಚಿಸುವ ಬಗೆಯನ್ನೇ ಮಾರ್ಪಡಿಸಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಕನ್ನಡದ ಅಧ್ಯಾಪಕನಾದ ನನಗೆ ಆ ಗ್ರಂಥವನ್ನು ಕುರಿತು ತೀರ್ಪು ಕೊಡುವ ಅಧಿಕಾರವಿಲ್ಲ. ನಾನು ಕೇನ್ಸನ ಬಳಿಗೆ ಹೋದದ್ದು ವರ್ಜೀನಿಯಾ ವುಲ್ಫಳ ಕಾದಂಬರಿಗಳ ದಾರಿಯಿಂದ. ಆಕೆಯ ಬ್ಲೂಮ್ಸ್‌ಬರಿ ಬಳಗದಲ್ಲಿ ಚಿತ್ರಕಾರರೂ ಲೇಖಕರೂ ತುಂಬಿದ್ದರು. ಅವರ ನಡುವೆ ಲೆಕ್ಕಪತ್ರ ಬಲ್ಲ ಒಬ್ಬ ಗೆಳೆಯನಾಗಿ ಈತ ನನಗೆ ಮೊದಲು ಕಾಣಿಸಿಕೊಂಡ. ಆದರೆ ಆತನ ಬಾಳಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಬೇರೆಯೇ ಒಂದು. ಕಾಲು ಶತಮಾನಕ್ಕೂ ಮೀರಿ ಆತ ತನ್ನ ಕಾಲೇಜಿನ ಹಣವನ್ನು ಷೇರುಗಳಲ್ಲಿ ತೊಡಗಿಸಿದ. ಆ ಅವಧಿಯಲ್ಲಿಯೇ ಜಗತ್ತಿನ ಷೇರುಪೇಟೆಗಳು ಎರಡು ಬಾರಿ ನೆಲಕಚ್ಚಿದವು.

ಕೇನ್ಸ್ ಹುಟ್ಟಿದ್ದು ೧೮೮೩ರ ಜೂನ್ ೫ರಂದು, ಕೇಂಬ್ರಿಜ್ ನಗರದಲ್ಲಿ. ತಂದೆ ನೆವಿಲ್ ಕೇನ್ಸ್ ತರ್ಕಶಾಸ್ತ್ರ ಅರ್ಥಶಾಸ್ತ್ರಗಳ ವಿದ್ವಾಂಸ. ತಾಯಿ ಫ್ಲಾರೆನ್ಸ್ ಮುಂದೆ ಆ ಊರಿನ ಮೇಯರ್ ಪದವಿಗೇರಿದಾಕೆ. ಮಗ ಈಟನ್ ಶಾಲೆಯಲ್ಲಿಯೂ ಅನಂತರ ಕಿಂಗ್ಸ್ ಕಾಲೇಜಿನಲ್ಲಿಯೂ ಓದಿ, ಗಣಿತದಲ್ಲಿ ಪದವಿ ಪಡೆದು, ೧೯೦೬ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿದ್ದುದು ಎರಡೇ ವರ್ಷ. ನಮ್ಮ ರೂಪಾಯಿಯ ವ್ಯವಸ್ಥೆಯನ್ನು ಕುರಿತ ಆತನ ಮೊದಲ ಪುಸ್ತಕ ೧೯೧೩ರಲ್ಲಿ ಪ್ರಕಟವಾಯಿತು. ಆದರೂ ಆತ ಭಾರತದ ನೆಲವನ್ನು ಒಮ್ಮೆಯೂ ಮೆಟ್ಟಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಆತ ಬ್ರಿಟಿಷ್ ಖಜಾನೆಯ ಅಧಿಕಾರಿ. ೧೯೧೮ರ ಮಾರ್ಚ್ ತಿಂಗಳಲ್ಲಿ ದೆಗಾ ಎಂಬ ಚಿತ್ರಕಾರನ ಸಂಗ್ರಹವು ಪ್ಯಾರಿಸ್ಸಿನಲ್ಲಿ ಹರಾಜಿಗೆ ಬಂದಿತು. ಜರ್ಮನರ ದೂರಗಾಮಿ ತೋಪು ಆ ನಗರದ ಮೇಲೆ ಗುಂಡು ಸುರಿಸುತ್ತಿದ್ದ ದಿನಗಳವು. ಕೊಳ್ಳುವವರ ಎದೆ ನಡುಗಿ ಬೆಲೆಗಳು ಇಳಿದಿದ್ದವು. ಕೇನ್ಸ್ ಸರಕಾರವನ್ನು ಒಪ್ಪಿಸಿ ೫,೫೦,೦೦೦ ಫ್ರಾಂಕುಗಳನ್ನು ಮಂಜೂರು ಮಾಡಿಸಿಕೊಂಡು, ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯ ನಿರ್ದೇಶಕನೊಡನೆ ಅಲ್ಲಿಗೆ ಹೋದ. ಸೆಜಾನನ ಚಿತ್ರಗಳು ಆ ನಿರ್ದೇಶಕನಿಗೆ ರುಚಿಸಲಿಲ್ಲ. ಕೇನ್ಸ್ ತನ್ನ ಸ್ವಂತ ಹಣದಿಂದ ಸೆಜಾನನ ಸೇಬುಹಣ್ಣುಗಳ ಪುಟ್ಟ ಚಿತ್ರವೊಂದನ್ನು ಕೊಂಡ. ಊರಿಗೆ ಮರಳಿದ ರಾತ್ರಿ, ಕೆಸರಿನ ಹಾದಿಯಲ್ಲಿ ಸಾಮಾನೆಲ್ಲವನ್ನೂ ಹೊರಲಾರದೆ, ಅದನ್ನು ಬೇಲಿಯ ಮರೆಯಲ್ಲಿಟ್ಟು ಗೆಳೆಯರ ಮನೆಗೆ ನಡೆದುಬಂದ. ಗೆಳೆಯರು ಓಡಿಹೋಗಿ ಅದನ್ನು ತಂದರು. ಎಲ್ಲರೂ ಅಂಜಿ ಕೈ ಹಿಂದೆಗೆಯುವಾಗ ವಸ್ತುವಿನ ನಿಜವಾದ ಬೆಲೆಯನ್ನು ಕಾಣುವ ಕಣ್ಣು ಆತನಿಗೆ ಚಿತ್ರಗಳ ಮಟ್ಟಿಗೆ ಅಂದೇ ಇತ್ತು. ಹಣದ ವ್ಯವಹಾರದಲ್ಲಿ ಅದೇ ಕಣ್ಣು ತೆರೆಯಲು ಇನ್ನೂ ಹನ್ನೆರಡು ಹದಿಮೂರು ವರ್ಷ ಹಿಡಿಯಿತೆಂಬುದು ನನಗೆ ಬಹಳ ಸ್ವಾರಸ್ಯವಾಗಿ ತೋರುತ್ತದೆ.

ಏಕೆಂದರೆ ಯುದ್ಧ ಮುಗಿದೊಡನೆ ಆತ ಹಿಡಿದ ದಾರಿ ಸಟ್ಟಾ ವ್ಯಾಪಾರದ್ದು. ವರ್ಸೇಲ್ಸ್ ಒಪ್ಪಂದವನ್ನು ಖಂಡಿಸಿ, ಹುದ್ದೆಗೆ ರಾಜೀನಾಮೆ ಕೊಟ್ಟು ಬರೆದ ಪುಸ್ತಕವು ೧೯೧೯ರ ಕೊನೆಯಲ್ಲಿ ಹೊರಬಂದು ಆತನನ್ನು ಜಗತ್ಪ್ರಸಿದ್ಧನನ್ನಾಗಿ ಮಾಡಿತು. ಸೋತ ಜರ್ಮನಿಯ ಹಣ ಕುಸಿಯಲೇಬೇಕೆಂದು ತರ್ಕ ಮಾಡಿ, ಆ ತರ್ಕದ ಬಲದ ಮೇಲೆ ನಾಣ್ಯಗಳ ಮುಂಗಡ ವ್ಯಾಪಾರಕ್ಕಿಳಿದ. ಬಳಗದ ಕಲಾವಿದ ಮಿತ್ರರೂ ತಮ್ಮ ಉಳಿತಾಯವನ್ನು ಈತನ ಕೈಯಲ್ಲಿಟ್ಟರು. ತರ್ಕವೇನೋ ಸರಿಯೇ, ಕೆಲವು ವರ್ಷಗಳಲ್ಲಿ ಮಾರ್ಕ್ ನಾಣ್ಯ ಕಾಗದದ ಚೂರಾಯಿತು. ಆದರೆ ೧೯೨೦ರ ಮೇ ತಿಂಗಳಲ್ಲಿ ಅದು ಕೆಲವೇ ವಾರ ತಲೆಯೆತ್ತಿತು. ಆ ಕೆಲವು ವಾರಗಳೇ ಸಾಕಾದವು. ಸಾಲದ ಹಣದಿಂದ ಆಡುತ್ತಿದ್ದ ಕೇನ್ಸ್ ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡ. ಜೊತೆಗೆ ಮಿತ್ರರ ಹಣವೂ ಹೋಯಿತು. ಪುಸ್ತಕದ ಗೌರವಧನದ ಮುಂಗಡ, ಸರ್ ಅರ್ನೆಸ್ಟ್ ಕ್ಯಾಸಲ್ ಎಂಬ ಧನಿಕನಿಂದ ತಂದ ೫,೦೦೦ ಪೌಂಡು ಸಾಲ, ಇವುಗಳಿಂದ ಮಾನ ಉಳಿಯಿತು. ಎರಡು ಮೂರು ವರ್ಷಗಳಲ್ಲಿ ಆತ ಮತ್ತೆ ಚೇತರಿಸಿಕೊಂಡನೆಂಬುದೂ ನಿಜ. ಆದರೆ ಮುಂದಾಗುವುದನ್ನು ಬುದ್ಧಿಬಲದಿಂದ ಮೊದಲೇ ಅರಿಯಬಹುದೆಂಬ ನಂಬಿಕೆ ಆತನನ್ನು ಬಿಟ್ಟಿರಲಿಲ್ಲ.

ಇದೇ ಮನುಷ್ಯನನ್ನು ಕಿಂಗ್ಸ್ ಕಾಲೇಜು ೧೯೧೯ರಲ್ಲಿ ಎರಡನೆಯ ‘ಬರ್ಸರ್’ ಆಗಿಯೂ ೧೯೨೪ರಲ್ಲಿ ಮೊದಲನೆಯ ಬರ್ಸರ್ ಆಗಿಯೂ ನೇಮಿಸಿಕೊಂಡಿತು. ಈ ಪದಕ್ಕೆ ಕನ್ನಡದಲ್ಲಿ ಭಂಡಾರಿ ಎಂಬುದಕ್ಕಿಂತ ಒಪ್ಪುವ ಮಾತು ನನಗೆ ಸಿಕ್ಕಿಲ್ಲ. ಆ ಹಳೆಯ ಕಾಲೇಜುಗಳ ಐಶ್ವರ್ಯವೆಲ್ಲ ಭೂಮಿಯಲ್ಲಿ, ಮನೆಗಳಲ್ಲಿ, ಸರಕಾರಿ ಸಾಲಪತ್ರಗಳಲ್ಲಿ ಇರುತ್ತಿತ್ತು. ಷೇರೆಂದರೆ ಅಲ್ಲಿನ ಹಿರಿಯರಿಗೆ ಜೂಜಿನ ಸೋದರಸಂಬಂಧಿ. ಕೇನ್ಸ್ ಅವರ ಮನವೊಲಿಸಿ ಸುಮಾರು ೩೦,೦೦೦ ಪೌಂಡುಗಳ ನಿಧಿಯೊಂದನ್ನು ಬೇರ್ಪಡಿಸಿ, ಅದನ್ನು ತನ್ನ ವಿವೇಚನೆಯಂತೆ ತೊಡಗಿಸುವ ಸ್ವಾತಂತ್ರ್ಯ ಪಡೆದ. ‘ಚೆಸ್ಟ್’, ಎಂದರೆ ಪೆಟ್ಟಿಗೆ, ಎಂಬುದು ಆ ನಿಧಿಯ ಹೆಸರು. ವ್ಯಾಪಾರದ ಏರಿಳಿತಗಳನ್ನು ಮೊದಲೇ ಊಹಿಸಿ, ಏರುವ ಮುನ್ನ ಕೊಂಡು ಇಳಿಯುವ ಮುನ್ನ ಮಾರುವುದು ಆತನ ಅಂದಿನ ಪದ್ಧತಿ. ಇಂಗ್ಲೆಂಡಿನ ಅಂಕಿ ಅಂಶಗಳು ಆತನಿಗೆ ಸಿಕ್ಕುವಷ್ಟು ಬೇಗ ಬೇರೆ ಯಾರಿಗೂ ಸಿಕ್ಕುತ್ತಿರಲಿಲ್ಲ. ಮಂತ್ರಿಗಳೂ ಬ್ಯಾಂಕಿನ ಒಡೆಯರೂ ಆತನೊಡನೆ ಊಟಕ್ಕೆ ಕೂರುತ್ತಿದ್ದರು. ಹೀಗಿದ್ದೂ ಆ ದಶಕದಲ್ಲಿ ಆತ ಪೇಟೆಯ ಸರಾಸರಿಗಿಂತ ಹಿಂದೆ ಬಿದ್ದ.

ಪೆಟ್ಟು ಬಿದ್ದದ್ದು ೧೯೨೮ರಿಂದ ಮೊದಲಾಗಿ. ರಬ್ಬರು, ಹತ್ತಿ, ತವರ, ಮುಸುಕಿನ ಜೋಳ ಇವುಗಳ ಬೆಲೆ ಏರುವುದೆಂದು ನಂಬಿ ಆತ ಸ್ವಂತ ಹಣ ಹೂಡಿದ್ದ, ಅವು ಇಳಿದವು. ಆ ನಷ್ಟ ತುಂಬಲು ಇಳಿಬೆಲೆಯಲ್ಲಿ ಷೇರುಗಳನ್ನು ಮಾರಬೇಕಾಯಿತು. ೧೯೨೭ರ ಕೊನೆಯಲ್ಲಿ ೪೪,೦೦೦ ಪೌಂಡುಗಳಷ್ಟಿದ್ದ ಆಸ್ತಿ ೧೯೨೯ರ ಕೊನೆಗೆ ಎಂಟು ಸಾವಿರಕ್ಕಿಂತ ಕೆಳಗಿಳಿಯಿತು. ಅಮೆರಿಕದಲ್ಲಿ ಪೇಟೆ ಕುಸಿದ ಮೇಲೆ ಕಾಲೇಜಿನ ಪೆಟ್ಟಿಗೆಗೂ ಆಘಾತ ತಟ್ಟಿತು: ೧೯೩೦ರಲ್ಲಿ ಅದರ ಮೂರನೆಯ ಒಂದು ಭಾಗ ಕರಗಿತು, ಮರುವರ್ಷ ಉಳಿದುದರಲ್ಲಿ ಕಾಲುಭಾಗ. ಜಗತ್ತಿನ ಅರ್ಥಸ್ಥಿತಿಯನ್ನು ಬಲ್ಲವರಲ್ಲಿ ಅಗ್ರಗಣ್ಯನಾದವನು ಆ ಮಹಾಕುಸಿತವನ್ನು ಮುಂಗಂಡಿರಲಿಲ್ಲ.

ಇಂಥ ಏಟು ತಿಂದವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ: ಪೇಟೆಯ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ, ಇಲ್ಲವೆ ಕಳೆದುದನ್ನು ಒಂದೇ ನೆಗೆತದಲ್ಲಿ ಮರಳಿ ಪಡೆಯಹೊರಡುತ್ತಾರೆ. ಕೇನ್ಸ್ ತನ್ನ ಪ್ರಶ್ನೆಯನ್ನೇ ಬದಲಿಸಿದ. ಪೇಟೆ ನಾಳೆ ಎತ್ತ ಹೋದೀತು ಎಂದು ಕೇಳುವುದನ್ನು ಮೆಲ್ಲಮೆಲ್ಲನೆ ಬಿಟ್ಟು, ಈ ಕಂಪನಿ ಏನು ಮಾಡುತ್ತದೆ, ಅದನ್ನು ನಡೆಸುವವರು ಎಂಥವರು, ಹಲವು ವರ್ಷಗಳಲ್ಲಿ ಅದು ಏನು ಗಳಿಸಬಲ್ಲುದು, ಆ ಗಳಿಕೆಗೆ ಹೋಲಿಸಿದರೆ ಇಂದಿನ ಬೆಲೆ ಅಗ್ಗವೇ ಎಂದು ಕೇಳತೊಡಗಿದ. ಪೇಟೆ ಬಿದ್ದಿದ್ದುದರಿಂದಲೇ ಈ ಪ್ರಶ್ನೆಗಳಿಗೆ ಫಲವಿತ್ತು. ಒಳ್ಳೆಯದೂ ಕೆಟ್ಟದೂ ಒಂದೇ ರಾಶಿಯಲ್ಲಿ ಬಿದ್ದು, ಒಳ್ಳೆಯದಕ್ಕೂ ಕೆಟ್ಟದರ ಬೆಲೆಯೇ ಆಗಿತ್ತು. ಮೋಟಾರು ವಾಹನಗಳನ್ನು ಮಾಡುವ ಆಸ್ಟಿನ್ ಮತ್ತು ಲೇಲೆಂಡ್ ಕಂಪನಿಗಳನ್ನು ಆತ ಆರಿಸಿಕೊಂಡ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹಣ ತೊಡಗಿಸಿದ ಯೂನಿಯನ್ ಕಾರ್ಪೊರೇಷನ್ ಮತ್ತೊಂದು. ಅದನ್ನು ನಡೆಸುತ್ತಿದ್ದ ಸರ್ ಹೆನ್ರಿ ಸ್ಟ್ರಾಕೋಶ್ ಆತನಿಗೆ ಪರಿಚಿತ. ಅದರ ಒಟ್ಟು ಸೊತ್ತಿನ ಬೆಲೆಗಿಂತಲೂ ಕಡಿಮೆಗೆ ಅದರ ಷೇರು ಸಿಕ್ಕುತ್ತಿತ್ತು. ಅಮೆರಿಕದಲ್ಲಿ ವಿದ್ಯುತ್ತು ಮೊದಲಾದ ಸೇವೆಗಳ ಕಂಪನಿಗಳು ಜನರ ಮನ್ನಣೆ ಕಳೆದುಕೊಂಡು ಬಿದ್ದಿದ್ದಾಗ, ಅವುಗಳಲ್ಲಿ ಆರಿಸಿ ಕೆಲವನ್ನು ಕೊಂಡ.

ಹಲವಾರು ಕಂಪನಿಗಳಲ್ಲಿ ಸ್ವಲ್ಪಸ್ವಲ್ಪ ಹಂಚುವುದೇ ಸುರಕ್ಷಿತವೆಂಬುದು ಲೋಕರೂಢಿ. ಪ್ರಾವಿನ್ಷಿಯಲ್ ಎಂಬ ವಿಮಾ ಸಂಸ್ಥೆಯ ಮುಖ್ಯಸ್ಥನಿಗೆ ೧೯೩೪ರಲ್ಲಿ ಬರೆದ ಕಾಗದದಲ್ಲಿ ಆತ ಇದನ್ನು ಅಲ್ಲಗಳೆದ. ಅರಿಯದ ಹತ್ತು ಕಡೆ ಹಂಚಿದರೆ ಅಜ್ಞಾನ ಹತ್ತರಷ್ಟಾಗುವುದೇ ಹೊರತು ಅಪಾಯ ತಗ್ಗುವುದಿಲ್ಲ. ಒಬ್ಬ ಮನುಷ್ಯ ಪೂರ್ಣ ವಿಶ್ವಾಸದಿಂದ ಅರಿಯಬಲ್ಲ ಉದ್ಯಮಗಳು ಎರಡೋ ಮೂರೋ ಎಂಬುದು ಅದರ ಭಾವ. ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟವನಲ್ಲ. ಒಂದು ಬಿದ್ದಾಗ ಇನ್ನೊಂದು ನಿಲ್ಲುವಂತೆ ಮೋಟಾರಿನ ಪಕ್ಕದಲ್ಲಿ ಚಿನ್ನವನ್ನಿಟ್ಟುದು ಸುಮ್ಮನೆ ಅಲ್ಲ. ಫಲವೂ ಬೇಗನೆ ಬಂದಿತು. ೧೯೩೨ರಿಂದ ಐದು ವರ್ಷ ಕಾಲ ಪೆಟ್ಟಿಗೆಯ ನಿಧಿ ವರ್ಷವರ್ಷವೂ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚಾಗಿ ಬೆಳೆಯಿತು. ೧೯೩೬ರ ಕೊನೆಗೆ ಆತನ ಸ್ವಂತ ಆಸ್ತಿಯೂ ಐದು ಲಕ್ಷ ಪೌಂಡುಗಳನ್ನು ದಾಟಿತು.

ಅದೇ ವರ್ಷದ ಮಹಾಗ್ರಂಥದಲ್ಲಿ ಷೇರುಪೇಟೆಯನ್ನು ಕುರಿತ ಒಂದು ಅಧ್ಯಾಯವಿದೆ. ಸಾಹಿತ್ಯದ ವಿದ್ಯಾರ್ಥಿಗಳು ಅದೊಂದನ್ನಾದರೂ ಓದಬೇಕು. ಅಲ್ಲಿ ಪೇಟೆಯನ್ನು ಪತ್ರಿಕೆಯೊಂದರ ಸೌಂದರ್ಯಸ್ಪರ್ಧೆಗೆ ಹೋಲಿಸಿದ್ದಾನೆ. ನೂರು ಭಾವಚಿತ್ರಗಳಲ್ಲಿ ಆರನ್ನು ಆರಿಸಬೇಕು. ಎಲ್ಲರ ಆಯ್ಕೆಯ ಸರಾಸರಿಗೆ ಹತ್ತಿರ ಬಂದವನಿಗೆ ಬಹುಮಾನ. ಆಗ ಯಾವ ಮುಖ ಚೆಲುವಾದುದೆಂದು ಯಾರೂ ನೋಡುವುದಿಲ್ಲ. ಇತರರು ಯಾವುದನ್ನು ಚೆಲುವೆಂದಾರು ಎಂದು ಊಹಿಸುತ್ತಾರೆ, ಆ ಇತರರೂ ಹಾಗೆಯೇ ಊಹಿಸುತ್ತಿರುತ್ತಾರೆ. ಹತ್ತು ವರ್ಷ ಈ ಸ್ಪರ್ಧೆಯಲ್ಲಿ ಸೆಣಸಿ ಸೋತವನ ಅನುಭವ ಈ ಉಪಮೆಯ ಹಿಂದೆ ಇದೆಯೆಂದು ತಿಳಿದು ಓದಿದರೆ ಅದರ ವ್ಯಂಗ್ಯ ಇಮ್ಮಡಿಸುತ್ತದೆ.

ನಿಜವಾದ ಪರೀಕ್ಷೆ ಇನ್ನೂ ಬರಬೇಕಾಗಿತ್ತು. ೧೯೩೭ರ ಮೇ ತಿಂಗಳಲ್ಲಿ ಆತನ ಹೃದಯ ಕೈಕೊಟ್ಟಿತು. ವೇಲ್ಸ್ ಪ್ರಾಂತದ ರುಥಿನ್ ಕೋಟೆಯಲ್ಲಿದ್ದ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಮಲಗಿದ. ಅದೇ ವರ್ಷ ಅಮೆರಿಕದ ವ್ಯಾಪಾರ ಮತ್ತೆ ಮುಗ್ಗರಿಸಿ ಪೇಟೆಗಳು ಇಳಿಯತೊಡಗಿದವು. ೧೯೨೧ರಿಂದ ಆತ ಅಧ್ಯಕ್ಷನಾಗಿದ್ದ ನ್ಯಾಷನಲ್ ಮ್ಯೂಚುಯಲ್ ವಿಮಾ ಸಂಸ್ಥೆಗೆ ಭಾರಿ ನಷ್ಟವಾಯಿತು. ಅಧ್ಯಕ್ಷನ ಸ್ಥಾನವನ್ನು ತಾತ್ಕಾಲಿಕವಾಗಿ ವಹಿಸಿದ್ದ ಕರ್ಜನನೂ ಮಂಡಲಿಯ ಸದಸ್ಯರೂ ಉಳಿದುದನ್ನಾದರೂ ಮಾರಿ ಪಾರಾಗೋಣವೆಂದರು. ಅವರನ್ನು ಹೇಡಿಗಳೆನ್ನಲು ನನಗೆ ಮನಸ್ಸು ಬಾರದು. ಅವರ ಕೈಯಲ್ಲಿದ್ದುದು ವಿಧವೆಯರ, ಅನಾಥರ ಪಾಲಿನ ಹಣ. ಹಾಸಿಗೆಯಿಂದಲೇ ಕೇನ್ಸ್ ಉತ್ತರ ಬರೆದ. ಬೆಲೆ ತಳ ಕಂಡಾಗ ಕೈಯಲ್ಲಿ ಷೇರು ಉಳಿದಿದ್ದರೆ ತನಗೆ ನಾಚಿಕೆಯಿಲ್ಲ. ಇಳಿಯುವ ಪೇಟೆಯಲ್ಲಿ ಎಲ್ಲರೂ ಮಾರುತ್ತ ಹೋದರೆ ವ್ಯವಸ್ಥೆಯೇ ಉಳಿಯದು. ನಷ್ಟವನ್ನು ಮನಕಲಕದೆ ತಾಳಿಕೊಳ್ಳುವುದು ಗಂಭೀರನಾದ ಹೂಡಿಕೆದಾರನ ಕರ್ತವ್ಯವೂ ಹೌದು ಎಂಬುದು ಆ ಉತ್ತರದ ಸಾರ. ಮಂಡಲಿ ಒಪ್ಪಲಿಲ್ಲ. ೧೯೩೮ರ ಅಕ್ಟೋಬರಿನಲ್ಲಿ ಆತ ಅಧ್ಯಕ್ಷಪದವಿಯನ್ನು ತ್ಯಜಿಸಿದ.

ಕಾಲೇಜಿಗೂ ಸಮಾಧಾನ ಹೇಳಬೇಕಾಗಿತ್ತು. ಆ ವರ್ಷ ಪೆಟ್ಟಿಗೆಯ ನಿಧಿ ನೂರಕ್ಕೆ ನಲವತ್ತರಷ್ಟು ಇಳಿಯಿತು. ಮೇ ತಿಂಗಳಲ್ಲಿ ಆತ ಕಾಲೇಜಿನ ಸಮಿತಿಗೆ ಒಂದು ವರದಿ ಒಪ್ಪಿಸಿ, ಏರಿಳಿತಗಳನ್ನು ಮುಂಗಾಣುವ ತನ್ನ ಹಳೆಯ ಪದ್ಧತಿ ನಡೆಯಲಿಲ್ಲವೆಂದು ಮರೆಮಾಚದೆ ತಿಳಿಸಿದ. ಕೆಲವೇ ಷೇರುಗಳನ್ನು ಎಚ್ಚರದಿಂದ ಆರಿಸುವುದು, ಅವನ್ನು ಗಾಳಿಮಳೆಗಳಲ್ಲಿಯೂ ಹಲವು ವರ್ಷ ಬಿಡದೆ ಹಿಡಿಯುವುದು, ಬಗೆಬಗೆಯ ಅಪಾಯಗಳನ್ನು ಒಂದಕ್ಕೊಂದು ಸರಿದೂಗಿಸುವುದು: ಇನ್ನು ಮುಂದಿನ ದಾರಿ ಇದೆಂದ. ಕಾಲೇಜಿನ ಹಿರಿಯರು ಆತನನ್ನು ಮುಂದುವರಿಸಿದರು. ಈ ಕಥೆಯಲ್ಲಿ ಅವರಿಗೆ ಸಲ್ಲಬೇಕಾದ ಕೀರ್ತಿ ಯಾರೂ ಸಲ್ಲಿಸಿದಂತಿಲ್ಲ.

ಒಂದು ಮಾತನ್ನು ಮರೆಯಲಾಗದು. ಕಾಲೇಜಿನ ನಿಧಿಯನ್ನು ನಾಳೆಯೇ ಹಿಂದಕ್ಕೆ ಕೊಡೆಂದು ಕೇಳುವವರಿರಲಿಲ್ಲ. ಕಾಯಲು ಅದಕ್ಕೆ ಕಾಲವಿತ್ತು. ಆದರೆ ಆತನ ಸ್ವಂತ ಷೇರುಗಳ ಹಿಂದೆ ದೊಡ್ಡ ಸಾಲವಿತ್ತು. ಸಾಲ ಕೊಟ್ಟವರಿಗೆ ತಾಳ್ಮೆಯ ಉಪದೇಶ ಸಾಗದು. ೧೯೩೮ರ ಕೊನೆಗೆ ಆತನ ಸ್ವಂತ ಆಸ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಹೋಗಿತ್ತು. ಬುದ್ಧಿ ಒಂದೇ, ಪೇಟೆ ಒಂದೇ. ಒಂದು ಹಣ ತನ್ನದು, ಇನ್ನೊಂದು ಎರವಿನದು. ವ್ಯತ್ಯಾಸವೆಲ್ಲ ಅಲ್ಲಿ. ಕೇನ್ಸನ ಧೈರ್ಯವನ್ನು ಕೊಂಡಾಡುವ ಬರೆಹಗಳು ಇದನ್ನು ಹೇಳದೆ ಬಿಡುವುದು ನ್ಯಾಯವಲ್ಲ.

ಎರಡನೆಯ ಮಹಾಯುದ್ಧ ಬಂದಾಗ ಆತ ಮತ್ತೆ ಖಜಾನೆಗೆ ಹಿಂತಿರುಗಿದ. ಪ್ರಭುಪದವಿ, ೧೯೪೪ರ ಬ್ರೆಟನ್ ವುಡ್ಸ್ ಸಮ್ಮೇಲನ, ಅಮೆರಿಕದ ಸಾಲಕ್ಕಾಗಿ ನಡೆಸಿದ ಸಂಧಾನ, ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿವೆ. ನಡುನಡುವೆ ಕಾಲೇಜಿನ ಲೆಕ್ಕವನ್ನು ನೋಡುವುದು ಮಾತ್ರ ನಿಲ್ಲಲಿಲ್ಲ. ಆರಿಸಿದ ಷೇರುಗಳು ಯುದ್ಧಕಾಲದಲ್ಲಿ ಮೆಲ್ಲಗೆ ಚೇತರಿಸಿಕೊಂಡವು. ವರ್ಷವರ್ಷದ ಆದಾಯವನ್ನು ಕಾಲೇಜು ಖರ್ಚು ಮಾಡುತ್ತ ಬಂದಿದ್ದರೂ ೩೦,೦೦೦ ಪೌಂಡುಗಳ ಪೆಟ್ಟಿಗೆ ಸುಮಾರು ೩,೮೦,೦೦೦ ಪೌಂಡುಗಳಾಗಿತ್ತು. ೧೯೪೬ರ ಏಪ್ರಿಲ್ ೨೧ರಂದು, ಈಸ್ಟರ್ ಭಾನುವಾರ, ಸಸೆಕ್ಸ್ ಪ್ರಾಂತದ ತನ್ನ ಟಿಲ್ಟನ್ ಮನೆಯಲ್ಲಿ ಕೇನ್ಸ್ ತೀರಿಕೊಂಡ. ಆಗಲೂ ಆತ ಕಿಂಗ್ಸ್ ಕಾಲೇಜಿನ ಭಂಡಾರಿಯೇ. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ನಡೆದ ಸ್ಮರಣೆಯ ಪ್ರಾರ್ಥನೆಗೆ ಪತ್ನಿ ಲಿಡಿಯಾಳೊಡನೆ, ತೊಂಬತ್ತು ದಾಟಿದ ತಂದೆಯೂ ವೃದ್ಧೆಯಾದ ತಾಯಿಯೂ ಬಂದಿದ್ದರು.