ಇಂದಿನ ಧಮ್ಮ ಚಿಂತನೆ: ಎರಡು ನವಿಲು, ಒಂದು ಜಿಂಕೆ



ಶಹಾಬಾದಿನ ನಮ್ಮ ಉಪಾಸಕರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಹೆಸರು ಬೇಡ. ಫರಸಿ ಕಲ್ಲಿನ ಖಣಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಪ್ರತಿ ವರ್ಷ ಏಪ್ರಿಲ್ 14ರಂದು ಬಾಬಾಸಾಹೇಬರ ಫೋಟೋ ಮುಂದೆ ನಿಂತು ಗುಟ್ಕಾ ಬಿಡುತ್ತಾರೆ. ಬುದ್ಧ ಪೂರ್ಣಿಮೆ ಬರುವಷ್ಟರಲ್ಲಿ ಜೇಬಿನಲ್ಲಿ ಮತ್ತೆ ಚೀಟು ಇರುತ್ತದೆ. ಈ ಸಲ ಡಾಕ್ಟರು ಶುಗರ್ ಇದೆ, ಬಿ.ಪಿ. ಇದೆ ಎಂದಿದ್ದಾರೆ. ದಿನಾ ನಡೆಯಬೇಕು, ಉಪ್ಪು ಎಣ್ಣೆ ಇಳಿಸಬೇಕು, ಗುಟ್ಕಾ ಬಿಡಲೇಬೇಕು. ನಾಲ್ಕು ದಿನ ಮಾಡಿ ಐದನೇ ದಿನ ಬಿಟ್ಟುಬಿಟ್ಟರಂತೆ. ಹೀಗೆ ಮಾತಿಗೆ ತಪ್ಪುವ ತಾನು ಪಂಚಶೀಲ ಹೇಳಲು ಯೋಗ್ಯನೇ ಅಲ್ಲವೇನೋ ಎಂದು ಅವರಿಗೆ ಸಂಕಟ. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ ಸಾಮ್ರಾಟ ಅಶೋಕನ ಕಥೆಯನ್ನು ಇವತ್ತು ಪೂರ್ತಿ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ನಾವು ಹೇಳಿಕೊಡುವ ಅಶೋಕ ಒಂದೇ ಸಂಜೆಯಲ್ಲಿ ಬದಲಾಗುತ್ತಾನೆ. ಕಳಿಂಗದ ರಣಭೂಮಿ, ಹೆಣಗಳ ರಾಶಿ, ಕಣ್ಣೀರು, ಕೆಳಗಿಟ್ಟ ಖಡ್ಗ, ಪಾಠ ಮುಗಿಯಿತು. ನಾನೂ ಎಷ್ಟೋ ವರ್ಷ ಹಾಗೆಯೇ ಪಾಠ ಮಾಡಿದ್ದೇನೆ. ಆದರೆ ಅವನು ಕಲ್ಲಿನಲ್ಲಿ ಕೆತ್ತಿಸಿಟ್ಟದ್ದನ್ನು ಓದಿದರೆ ಬೇರೆಯೇ ಮನುಷ್ಯ ಕಾಣಿಸುತ್ತಾನೆ.

ಪಟ್ಟಕ್ಕೆ ಬಂದು ಎಂಟು ವರ್ಷವಾದಾಗ ಅವನು ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು ಎಂದು ಲೆಕ್ಕ ಕೊಟ್ಟವನೂ ಅವನೇ. ಪಶ್ಚಾತ್ತಾಪ ಖರೆ. ಆದರೆ ಪಶ್ಚಾತ್ತಾಪಪಟ್ಟ ಮರುದಿನವೇ ಅವನ ದಿನಚರಿ ಬದಲಾಗಲಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ಗೊತ್ತಲ್ಲ, ಅಶೋಕ ಎಂಬ ಹೆಸರೇ ಇರುವ ಶಾಸನ. ಅದರ ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರದಲ್ಲೂ ಇವೆ. ಅವುಗಳನ್ನು ಕೂಡಿಸಿ ಓದಿದರೆ ಒಂದು ಒಪ್ಪಿಗೆ ಸಿಗುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಅದರಲ್ಲಿ ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನ ಮಾಡಲಿಲ್ಲ, ಸಂಘಕ್ಕೆ ಹತ್ತಿರವಾದ ಮೇಲೆಯೇ ಹುರುಪು ಬಂತು ಎಂದು ರಾಜನೇ ಹೇಳಿಕೊಂಡಿದ್ದಾನೆ. ಯಾರೂ ಕೇಳಿರಲಿಲ್ಲ. ಮುಚ್ಚಿಟ್ಟಿದ್ದರೆ ಇವತ್ತು ನಮಗೆ ಗೊತ್ತೂ ಆಗುತ್ತಿರಲಿಲ್ಲ. ಇಂಥ ಪ್ರಯತ್ನ ದೊಡ್ಡವರಿಗೆ ಮಾತ್ರ ಸಾಧ್ಯ ಎಂದುಕೊಳ್ಳಬಾರದು, ಸಣ್ಣವರಿಗೂ ಆಗುತ್ತದೆ ಎಂಬುದೂ ಅಲ್ಲಿಯೇ ಇದೆ.

ಈಗ ಅಡುಗೆಮನೆಗೆ ಬರೋಣ. ಅವನ ಮೊದಲನೇ ಬಂಡೆಶಾಸನದ ವಿಷಯವೇ ಅಡುಗೆಮನೆ. ಹಿಂದೆ ಅರಮನೆಯ ಸಾರಿಗಾಗಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು ಎನ್ನುತ್ತಾನೆ. ಲೆಕ್ಕ ಸ್ವಲ್ಪ ಹಿಗ್ಗಿರಬಹುದು. ಈ ಶಾಸನ ಬರೆಸುವ ಹೊತ್ತಿಗೆ ಅದು ಮೂರಕ್ಕೆ ಇಳಿದಿತ್ತು: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಇಲ್ಲ. ಮುಂದೆ ಈ ಮೂರೂ ಇರುವುದಿಲ್ಲ ಎಂದು ಸೇರಿಸಿದ್ದಾನೆ. ಕಳಿಂಗ ಯುದ್ಧವಾಗಿ ಆಗಲೇ ಸುಮಾರು ನಾಲ್ಕು ವರ್ಷ ಕಳೆದಿತ್ತು.

ನನಗೆ ಈ ಶಾಸನ ಬಹಳ ಇಷ್ಟ. ಪೂರ್ತಿ ಬಿಟ್ಟೆ ಎಂದು ಬರೆಸಲು ಅವನಿಗೆ ಯಾರ ಅಡ್ಡಿ ಇತ್ತು? ಪಾಟಲಿಪುತ್ರದ ಅಡುಗೆಮನೆಗೆ ಹೋಗಿ ಎಣಿಸಿ ನೋಡುವವರು ಯಾರಿದ್ದರು? ಆದರೂ ಉಳಿದ ಮೂರನ್ನು ಬಚ್ಚಿಡದೆ ಊರೂರಿನ ಬಂಡೆಯ ಮೇಲೆ ಹೊಡೆಸಿದ. ನಾವಾದರೆ ನೂರರಲ್ಲಿ ತೊಂಬತ್ತೇಳು ಬಿಟ್ಟು, ಉಳಿದ ಮೂರಕ್ಕಾಗಿ ನಾಚಿ, ಆ ನಾಚಿಕೆಯಲ್ಲಿ ಬಿಟ್ಟದ್ದನ್ನೂ ಮತ್ತೆ ಹಿಡಿಯುತ್ತೇವೆ. ನನಗೆ ಶುಗರ್ ಬಂದು ಮೂರು ವರ್ಷ. ಚಹಾಕ್ಕೆ ಮೂರು ಚಮಚ ಹಾಕಿಕೊಳ್ಳುತ್ತಿದ್ದವನು ಎರಡಕ್ಕೆ ಬಂದೆ, ಒಂದಕ್ಕೆ ಬಂದೆ, ಅರ್ಧ ಚಮಚ ಇನ್ನೂ ಉಳಿದಿದೆ. ಅದು ನನ್ನ ಜಿಂಕೆ.

ಇಲ್ಲೊಂದು ಮಾತು. ಇದನ್ನು ಓದಿ ಯಾರೂ ಮಾಂಸ ಬಿಡುವ ಉಪದೇಶ ಎಂದು ತಿಳಿಯಬೇಡಿ. ನಮ್ಮ ತಾಟಿನಲ್ಲಿ ಏನಿದೆ ಎಂದು ಇಣುಕಿ ನೋಡಿ ನಮ್ಮನ್ನು ಊರ ಹೊರಗಿಟ್ಟವರ ಚರಿತ್ರೆ ನಮಗೆ ಚೆನ್ನಾಗಿ ಗೊತ್ತು. ಅಶೋಕ ತನ್ನ ಲೆಕ್ಕವನ್ನು ತನ್ನ ಅಡುಗೆಮನೆಯಿಂದ ಶುರು ಮಾಡಿದ ಎನ್ನುವುದಷ್ಟೇ ಇಲ್ಲಿ ನಾನು ಹೇಳುವುದು. ಮತ್ತೆ, ಸ್ವಲ್ಪ ಸ್ವಲ್ಪವಾಗಿ ಇಳಿಸುವ ಲೆಕ್ಕ ಸಕ್ಕರೆಗೆ, ಎಣ್ಣೆಗೆ, ಉಪ್ಪಿಗೆ ಸರಿ. ಡಾಕ್ಟರು ಕೊಟ್ಟ ಗುಳಿಗೆಗೆ ಅದನ್ನು ಹಚ್ಚಬೇಡಿ. ಗುಟ್ಕಾ, ಸೆರೆ ಬಿಡುವ ಬಗೆಯನ್ನೂ ಅವರನ್ನೇ ಕೇಳಿ.

ತಟ್ಟೆಯ ನಂತರ ಕಾಲು. ಹಿಂದಿನ ರಾಜರು ಮೋಜಿನ ಯಾತ್ರೆಗೆ, ಬೇಟೆಗೆ ಹೋಗುತ್ತಿದ್ದರು.  ಪಟ್ಟಾಭಿಷೇಕದ ಹತ್ತನೇ ವರ್ಷ ಅಶೋಕ ಸಂಬೋಧಿಗೆ, ಅಂದರೆ ಬುದ್ಧಗಯೆಗೆ ಹೋದ. ಅಲ್ಲಿಂದ ಮುಂದೆ ಬೇಟೆಯ ಜಾಗದಲ್ಲಿ ಧಮ್ಮಯಾತ್ರೆ ಬಂತು. ತಿರುಗಾಟ ನಿಲ್ಲಲಿಲ್ಲ, ತಿರುಗಾಟದ ಉದ್ದೇಶ ಬದಲಾಯಿತು. ಹಿರಿಯರನ್ನು ಕಾಣುವುದು, ಹಳ್ಳಿಯ ಜನರ ಜೊತೆ ಮಾತಾಡುವುದು. ಸಂಜೆ ಚೌಕದಲ್ಲಿ ಕೂತು ಹಾಳು ಹರಟೆ ಹೊಡೆಯುವ ನಾವು ಅದೇ ಗೆಳೆಯರನ್ನು ಎಬ್ಬಿಸಿಕೊಂಡು ಕಾಗಿಣಾ ದಂಡೆಯ ತನಕ ನಡೆದರೆ ಹರಟೆಯೂ ಉಳಿಯುತ್ತದೆ. ವಾಡಿ, ಸೇಡಂ ಕಡೆಯವರಿಗೆ ಸಿಮೆಂಟಿನ ಧೂಳು ಇರುತ್ತದೆ, ರಸ್ತೆ ಬಿಟ್ಟು ಹೊಲದ ದಾರಿ ಹಿಡಿಯಿರಿ. ಬಿಸಿಲು ಏರುವ ಮೊದಲೇ ಹೋಗಿ.

ತನ್ನ ಮೈಯೊಂದನ್ನೇ ಅವನು ನೋಡಿಕೊಳ್ಳಲಿಲ್ಲ. ಎರಡನೇ ಬಂಡೆಶಾಸನದ ಪ್ರಕಾರ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಏರ್ಪಡಿಸಿದ. ಔಷಧದ ಗಿಡಮೂಲಿಕೆ ಎಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ, ಹಣ್ಣಿನ ಗಿಡಗಳನ್ನೂ. ದಾರಿಯಲ್ಲಿ ಬಾವಿ, ನೆರಳಿಗೆ ಮರ. ನೆರಳೂ ನೀರೂ ಇಲ್ಲದ ದಾರಿಯಲ್ಲಿ ನಡೆಯಿರಿ ಎಂದು ಬರೀ ಬಾಯಲ್ಲಿ ಹೇಳಿದರೆ ಯಾರು ನಡೆಯುತ್ತಾರೆ?

ಬಹಳ ಕಾಲದ ನಂತರ ಹುಟ್ಟಿದ ಸಂಸ್ಕೃತದ ಅಶೋಕಾವದಾನದಲ್ಲಿ ಒಂದು ಕಥೆ ಇದೆ. ಇತಿಹಾಸ ಎಂದು ಹೇಳಲಾರೆ, ಆದರೆ ಮರೆಯುವಂಥದ್ದಲ್ಲ. ಅಶೋಕನಿಗೆ ಹೊಟ್ಟೆಯ ದೊಡ್ಡ ರೋಗ ಬಂತು. ರಾಣಿ ತಿಷ್ಯರಕ್ಷಿತೆ ಅದೇ ರೋಗದ ಒಬ್ಬ ದನಗಾಹಿಯನ್ನು ಹುಡುಕಿಸಿ, ಕೊಲ್ಲಿಸಿ, ಹೊಟ್ಟೆ ಸೀಳಿ ನೋಡಿದಳು. ಒಳಗೆ ಹುಳು. ಮೆಣಸಿಗೆ ಸಾಯಲಿಲ್ಲ, ಶುಂಠಿಗೆ ಸಾಯಲಿಲ್ಲ, ಉಳ್ಳಾಗಡ್ಡಿಗೆ ಸತ್ತಿತು. ರಾಜನಿಗೆ ಉಳ್ಳಾಗಡ್ಡಿ ತಿನ್ನಲು ಹೇಳಿದರೆ ಕ್ಷತ್ರಿಯನಾದ ತಾನು ಅದನ್ನು ಹೇಗೆ ತಿನ್ನಲಿ ಎಂದನಂತೆ! ಔಷಧ ಎಂದು ತಿನ್ನಿಸಿ ಉಳಿಸಿದರು. ರೊಟ್ಟಿಯ ಜೊತೆ ಉಳ್ಳಾಗಡ್ಡಿ ಗುದ್ದಿ ತಿನ್ನುವ ನಮಗೆ ಇದು ನಗು ತರಿಸುತ್ತದೆ. ಆದರೆ ಆ ದನಗಾಹಿಯ ಹೆಸರನ್ನೂ ಕಥೆ ಹೇಳದೆ ಬಿಟ್ಟಿದೆ, ಅಲ್ಲಿಗೆ ನನ್ನ ನಗು ನಿಲ್ಲುತ್ತದೆ.

ಆಳ್ವಿಕೆಯ 27ನೇ ವರ್ಷ ಬರೆಸಿದ ಸ್ತಂಭಶಾಸನದಲ್ಲಿ ಅಶೋಕ ಹಿಂತಿರುಗಿ ನೋಡುತ್ತಾನೆ. ಜನ ಬದಲಾಗುವುದಕ್ಕೆ ಎರಡು ದಾರಿ, ಕಟ್ಟಳೆ ಒಂದು, ಮನಸ್ಸಿಗೆ ಹತ್ತಿಸುವುದು ಇನ್ನೊಂದು. ಕಟ್ಟಳೆಯಿಂದ ಆಗಿದ್ದು ಕಡಿಮೆ, ಮನಸ್ಸಿಗೆ ಹತ್ತಿಸಿದ್ದರಿಂದ ಆಗಿದ್ದೇ ಹೆಚ್ಚು ಎಂಬುದು ಅವನ ಅನುಭವ. ಇಷ್ಟು ದೊಡ್ಡ ಸಾಮ್ರಾಜ್ಯದ ದಂಡ ಕೈಯಲ್ಲಿದ್ದವನು ಹೀಗೆ ಹೇಳುತ್ತಾನೆ. ಗಂಡನ ಗುಟ್ಕಾ ಚೀಟು ಕಸಿದು ಒಲೆಗೆ ಹಾಕಿ ಸಾಕಾದ ನಮ್ಮ ಅಕ್ಕಂದಿರು ಇದನ್ನು ಒಪ್ಪುತ್ತಾರೆ.

ಬಾಬಾಸಾಹೇಬರು 1956ರ ಅಕ್ಟೋಬರ್ 14ನ್ನು, ಅಶೋಕ ವಿಜಯದಶಮಿಯನ್ನು, ನಾಗಪುರದ ದೀಕ್ಷೆಗೆ ಆರಿಸಿಕೊಂಡರು. ಆಗ ಅವರ ದೇಹ ಮಧುಮೇಹದಿಂದ ಸೋತಿತ್ತು. ಡಿಸೆಂಬರ್ 6ಕ್ಕೆ ನಮ್ಮನ್ನು ಬಿಟ್ಟು ಹೋದರು. ನಡುವೆ ಸಿಕ್ಕದ್ದು ಎರಡು ತಿಂಗಳೂ ಅಲ್ಲ. ರಾತ್ರಿಗಳನ್ನೆಲ್ಲ ಓದಿಗೆ, ನಮಗೆ ಕೊಟ್ಟವರು ಅವರು. ಇನ್ನೊಂದು ಹತ್ತು ವರ್ಷ ಇದ್ದಿದ್ದರೆ ಎಂದು ಶುಗರ್ ಗುಳಿಗೆ ನುಂಗುವಾಗಲೆಲ್ಲ ನನಗೆ ಅನಿಸುತ್ತದೆ.

ಕೊನೆಗೆ ನಮ್ಮದೇ ಚಿತ್ತಾಪುರ ತಾಲ್ಲೂಕಿಗೆ. ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾ ಪರಮೇಶ್ವರಿ ಗುಡಿಯ ಆವರಣದಲ್ಲಿ, ಒಂದು ಮೂರ್ತಿಯ ಕೆಳಗೆ ಪೀಠವಾಗಿ ಬಿದ್ದಿದ್ದ ಕಲ್ಲು 1980ರ ದಶಕದಲ್ಲಿ ಹೊರಬಂದಾಗ ಅದರ ಎರಡೂ ಮುಖದಲ್ಲಿ ಅಶೋಕನ ಅಕ್ಷರಗಳಿದ್ದವು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯ ಜೊತೆ ನಿಂತ ಅವನ ಶಿಲ್ಪವೇ ಸಿಕ್ಕಿತು, ಹೆಸರಿನ ಸಮೇತ. ಸನ್ನತಿಯ ಕಲ್ಲಿನಲ್ಲಿ ಹದಿನಾಲ್ಕನೇ ಶಾಸನ ಇದೆ: ಕೆಲವು ಮಾತು ಸವಿಯಾದವು, ಜನ ಅದರಂತೆ ನಡೆಯಲಿ ಎಂದು ಮತ್ತೆ ಮತ್ತೆ ಹೇಳಿದ್ದೇನೆ ಎನ್ನುತ್ತಾನೆ. ಕಳಿಂಗದ ಅಧಿಕಾರಿಗಳಿಗೆ ಬರೆಸಿದ ಎರಡು ಪ್ರತ್ಯೇಕ ಶಾಸನಗಳೂ ಅಲ್ಲಿವೆ. ಕಲ್ಲು ಮುಕ್ಕಾಗಿದೆ, ಪೂರ್ತಿ ಪಾಠ ಇರುವುದು ಒಡಿಶಾದ ಧೌಳಿ, ಜೌಗಡದಲ್ಲಿ. ನ್ಯಾಯವಾಗಿ ಕೆಲಸ ಮಾಡಲು ಅಡ್ಡಬರುವ ದೋಷಗಳನ್ನು ಮೊದಲನೆಯದು ಪಟ್ಟಿ ಮಾಡುತ್ತದೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯದ ಜೊತೆಗೆ ಅವಸರ, ರೂಢಿ ಇಲ್ಲದಿರುವುದು, ಆಲಸ್ಯ, ದಣಿವು. ಶಹಾಬಾದಿನ ನಮ್ಮ ಬಂಧು ಐದನೇ ದಿನ ಎಡವಿದ್ದು ಈ ಕೊನೆಯ ನಾಲ್ಕರಲ್ಲೇ.

ಅಧಿಕಾರಿಗಳು ಮರೆಯುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ತಿಷ್ಯ ನಕ್ಷತ್ರದ ದಿನಗಳಂದು ಇದನ್ನು ಓದಿಸಬೇಕು, ನಡುನಡುವೆಯೂ ಓದಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಓದಿಸಬೇಕು ಎಂದು ಕೆತ್ತಿಸಿದ. ನಿಮ್ಮ ಮನೆಯಲ್ಲಿ ಫೋನ್ ಇಲ್ಲದ ಹಿರಿಯರಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಶಹಾಬಾದಿನ ಬಂಧು ನಾಳೆ ಬೆಳಿಗ್ಗೆ ಐದೂವರೆಗೆ ಮತ್ತೆ ನಡೆಯಲು ಹೊರಡುತ್ತಾರಂತೆ. ಆ ಕಡೆಯವರು ಜೊತೆಯಾಗಿ.

ನಮೋ ಬುದ್ಧಾಯ. ಜೈ ಭೀಮ್.