ಮಬ್ಬುಗಣ್ಣುಗಳ ಬಂಧು ಡಾ. ಎಂ.ಸಿ. ಮೋದಿ

ಕಾಫಿ ಹಣ್ಣಿನ ಕೆಂಪು ಮಾಸಿದಂತೆ ಕಂಡರೂ, ದೀಪದ ಸುತ್ತ ಬೆಳಕು ಚದುರಿದಂತೆ ತೋರಿದರೂ ವಯಸ್ಸಾಯಿತಲ್ಲ ಎಂದು ಸುಮ್ಮನಾಗುವ ಹಿರಿಯರು ನಮ್ಮ ಕೊಡಗಿನಲ್ಲಿ ಅನೇಕರಿದ್ದಾರೆ. 40 ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಚಾಳೀಸು. ಅದಕ್ಕೆ ಕನ್ನಡಕ ಸಾಕು. ಆದರೆ ಕಣ್ಣಿನೊಳಗಿನ ಮಸೂರವೇ ಮಬ್ಬಾದರೆ ಅದು ಪೊರೆ. ಅದನ್ನು ಕಳೆಯಲು ಶಸ್ತ್ರಚಿಕಿತ್ಸೆಯೊಂದೇ ದಾರಿ.

ಆ ಚಿಕಿತ್ಸೆಯನ್ನು ಬಡವರ ಊರಿಗೇ ಒಯ್ದವರು ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿ. ಕಣ್ಣು ಕಾಣದ ಬಡವನು ದೂರದ ಆಸ್ಪತ್ರೆಯನ್ನು ತಲುಪಲಾರನೆಂದು ಅರಿತ ಅವರು 1943ರಿಂದ ಸಾಮೂಹಿಕ ಶಿಬಿರಗಳನ್ನು ನಡೆಸುತ್ತ ಹಳ್ಳಿ ಹಳ್ಳಿ ಸುತ್ತಿದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ನಡೆಸಿದ್ದುಂಟು. 1993ರ ವೇಳೆಗೆ ಅವರ ಶಸ್ತ್ರಚಿಕಿತ್ಸೆಗಳ ಸಂಖ್ಯೆ 6 ಲಕ್ಷ ದಾಟಿತ್ತು. ಸರಕಾರವು 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ನೀಡಿ ಅವರನ್ನು ಗೌರವಿಸಿತು. 2005ರಲ್ಲಿ ಅವರು ನಿಧನರಾದರು.

ಅವರು ಸೇವೆ ಆರಂಭಿಸಿದ ಕಾಲದಲ್ಲಿ ಪೊರೆ ತೆಗೆದ ಬಳಿಕ ದಪ್ಪ ಗಾಜಿನ ಕನ್ನಡಕವೇ ಆಸರೆಯಾಗಿತ್ತು. ಇಂದು ಕಣ್ಣಿನೊಳಗೇ ಕೃತಕ ಮಸೂರವನ್ನು ಇಡುತ್ತಾರೆ. ಹೀಗಿರುವಾಗ ಗೋಡೆ ತಡವುತ್ತ ನಡೆಯುವ ತಂದೆ ತಾಯಿಯನ್ನು ವಯಸ್ಸಿನ ಪಾಲಿಗೆ ಬಿಟ್ಟುಬಿಡುವುದು ಸರಿಯೇ? ಅವರ ಕೈಹಿಡಿದು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುವುದು ಮಕ್ಕಳ ಹೊಣೆ.